ಹಿಂದಿನ ಗಾಜಿನಾಚೆ ನಿಂತವಳು

"ಈ ಗಾಜು ಕೂಡಿಸಿದವರು ಯಾರು?"

ಗದ್ವಾಲ್ ಸ್ಟೇಷನ್ ರಸ್ತೆಯ ಆ ಕಾರು ಗಾಜಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿಯುವ ಮೊದಲೇ ಕೇಳಿದಳು ಶಿವಗಂಗಾ. ದನಿಯಲ್ಲಿ ಬೆಂಕಿಯಿತ್ತು.

ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದವನು ಅವಳ ಮುಖ ಕಂಡದ್ದೇ ಹೊಸ್ತಿಲಲ್ಲೇ ನಿಂತುಬಿಟ್ಟ.

"ನಾನೇರಿ," ಎಂದ ಮೆಲ್ಲಗೆ.

ಬಸವಪ್ರಸಾದ...

ಎರಡು ವರ್ಷದ ಹಿಂದೆ ಮಕ್ತಲ್‌ನ ಅವಳ ಮನೆಗೆ ಹೆಣ್ಣು ನೋಡಲು ಬಂದವನು. ಹಿತ್ತಲ ಬಾಗಿಲಲ್ಲಿ ಅವಳೊಡನೆ ನಾಲ್ಕು ಮಾತಾಡಿ, ಕಣ್ಣಲ್ಲಿ ನಕ್ಕು ಹೋದವನು. ವಾರದೊಳಗೆ "ಹುಡುಗಿ ನನಗ ಹಿಡಿಸಲಿಲ್ಲ" ಎಂದು ಹೇಳಿ ಕಳಿಸಿದವನು!

ಆ ಮಾತು ಊರೆಲ್ಲ ಓಡಾಡಿತ್ತು. ಆಮೇಲೆ ಬಂದ ಒಂದೊಂದು ಮನೆಯವರೂ ಕೇಳಿದ್ದರು, ಮೊದಲನೆಯವನು ಯಾಕೆ ಒಲ್ಲೆನೆಂದ, ಹುಡುಗಿಯಲ್ಲಿ ಏನು ಐಬು ಎಂದು. ತಾಯಿ ತಲೆ ತಗ್ಗಿಸುವುದನ್ನು ಶಿವಗಂಗಾ ಬಾಗಿಲ ಮರೆಯಿಂದ ನೋಡಿದ್ದಳು. ಕೊನೆಗೆ ಸಂಬಂಧ ನೋಡುವುದೇ ಬೇಡವೆಂದು ಅಣ್ಣನ ಹಳೆಯ ಕಾರು ಓಡಿಸಲು ಕಲಿತು, ಗದ್ವಾಲ್ ಸೀರೆ ತುಂಬಿಕೊಂಡು ಊರೂರು ಮಾರತೊಡಗಿದ್ದಳು.

ಕಳೆದ ತಿಂಗಳು ಕಲ್ಲು ತಾಗಿ ಹಿಂದಿನ ಗಾಜು ಒಡೆದಾಗ ಅಣ್ಣ ಚಂದ್ರಕಾಂತ ಗದ್ವಾಲದಲ್ಲಿ ಹೊಸದು ಹಾಕಿಸಿ ತಂದಿದ್ದ. ಹೆಣ್ಣು ನೋಡುವ ದಿನ ಅವನು ದುಡಿಯಲು ಪುಣೆಗೆ ಹೋಗಿದ್ದ. ಅಂಗಡಿಯವನು ಯಾರೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ?

ನಿನ್ನೆಯ ಮಳೆ ಆ ಗಾಜಿನ ಅಂಚಿನಿಂದ ಡಿಕ್ಕಿಗೆ ಇಳಿದಿತ್ತು. ನಾರಾಯಣಪೇಟೆಯ ಮದುವೆ ಮನೆಗೆ ಒಯ್ದ ಸೀರೆಗಳಲ್ಲಿ ಕೆಂಪು ಅಂಚಿನ ಬಣ್ಣ ಬಿಳಿ ಒಡಲಿಗೆ ಹರಿದಿತ್ತು. "ಇದೇಂದಮ್ಮಾ, ರಂಗು ಪೋಯಿಂದಿ," ಎಂದು ಮದುಮಗಳ ತಾಯಿ ಬಣ್ಣ ಹೋದ ಸೀರೆಗಳನ್ನು ಎಲ್ಲರೆದುರು ಜಗುಲಿಗೆ ಎಸೆದಿದ್ದಳು.

ಮೊದಲು ನನ್ನ ಹೆಸರು ಕೆಡಿಸಿದ. ಈಗ ನನ್ನ ಸೀರೆ... ಇವತ್ತು ಇವನ ಹೆಸರು ಬೀದಿಗೆ ಬರಬೇಕು.

"ಮಳಿಗೆ ನನ್ನ ಸೀರಿ ತೊಯ್ದು ಕೆಟ್ಟಾವು. ನೀರು ಹಾಕಿ ನೋಡೋಣು," ಎಂದಳು. "ಒಂದು ಹನಿ ಒಳಗ ಬಿದ್ರ, ಇಲ್ಲಿಂದ ನಾರಾಯಣಪೇಟಿ ತನಕ ಒಬ್ಬ ಗಾಡಿಯವನೂ ನಿಮ್ಮ ಅಂಗಡಿ ಮೆಟ್ಟಿಲು ಹತ್ತಬಾರದು. ಹಂಗ ಹೇಳಿಕೋತ ಹೋಗ್ತೀನಿ."

"ಹನಿ ಅಲ್ಲರಿ, ಧಾರನೇ ಬೀಳತೈತಿ," ಎಂದ ಅವನು. "ಎಲ್ಲಿ ಅಂತ ನೋಡಬೇಕು. ಒಬ್ಬರು ಒಳಗ ಕುಂದರಬೇಕು, ಒಬ್ಬರು ಹೊರಗಿಂದ ನೀರು ಬಿಡಬೇಕು."

"ನೀವು ಒಳಗ ಹೋಗ್ರಿ."

ಅವನು ಹಿಂದಿನ ಸೀಟಿನ ಮೇಲೆ ಗಾಜಿನ ಕಡೆ ಮುಖ ಮಾಡಿ ಮಂಡಿಯೂರಿದ. ಅವಳು ಬಾಗಿಲು ದಡಾರನೆ ಹಾಕಿದಳು. ಅಣ್ಣನ ಮಕ್ಕಳಿಗಾಗಿ ಲಾಕು ಹಾಕಿದ್ದ ಬಾಗಿಲದು, ಒಳಗಿನಿಂದ ತೆರೆಯುವುದಿಲ್ಲ.

"ಇನ್ನ ಹೇಳು," ಎಂದಳು, ಅಂಗಡಿಯ ನೀರಿನ ಪೈಪು ಹಿಡಿದು ಕಾರಿನ ಹಿಂದೆ ನಿಂತು. ಬಹುವಚನ ಎಲ್ಲೋ ಬಿದ್ದುಹೋಗಿತ್ತು. "ನನ್ನೊಳಗ ಏನು ಕೊರತಿ ಕಂಡಿ? ಹೇಳೋತನಕ ಬಾಗ್ಲು ತೆಗಿಯಲ್ಲ."

ಮುಂದಿನ ಸೀಟಿಗೆ ದಾಟಿದರೆ ಅವನು ಸುಲಭವಾಗಿ ಹೊರಬರಬಹುದಿತ್ತು. ಮುಂದಿನ ಕಿಟಕಿಯೂ ತೆರೆದಿತ್ತು.

ಅವನು ದಾಟಲಿಲ್ಲ.

"ಏನೂ ಕೊರತಿ ಇಲ್ಲರಿ. ಅವ್ವ ಮನಿ ದೇವರಿಗೆ ಹೂ ಕೇಳಿದ್ಲು. ಎಡಕ್ಕ ಬಿತ್ತು."

ಹೂ ಕೇಳುವುದು ಶಿವಗಂಗಾಳಿಗೂ ಗೊತ್ತು. ಅವರ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ದೇವರ ಎರಡೂ ಹೆಗಲಿಗೆ ಒದ್ದೆ ಹೂವು ಅಂಟಿಸಿ ಕೈ ಮುಗಿದು ಕಾಯುವುದು. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡವೆಂದು.

"ದೇವರೇ ಒಲ್ಲೆ ಅಂದ ಹುಡುಗಿ ಅಂತ ಸುದ್ದಿ ಆದ್ರ ಯಾರೂ ನಿಮ್ಮ ಬಾಗ್ಲಿಗೆ ಬರ್ತಿರಲಿಲ್ಲ. ಅದಕ, ನಾನೇ ಒಲ್ಲೆ ಅಂದೆ ಅಂತ ಹೇಳು ಅಂದೆ ಅವ್ವಗ. ಮಂದಿ ನನ್ನ ಬೈಯಲಿ ಅಂತ."

"ಮಂದಿ ನಿನ್ನ ಬೈಯಲಿಲ್ಲ. ನನ್ನ ಬೈದ್ರು."

ಅವನು ಕಣ್ಣು ಕೆಳಗೆ ಮಾಡಿದ. "ಗೊತ್ತಾಯ್ತರಿ. ಗಾಡಿ ತಂದಾಗ ನಿಮ್ಮ ಅಣ್ಣಾರು ಫೋನಿನ್ಯಾಗ ಶಿವಗಂಗಾ ಅಂದ್ರು. ತಂಗಿ ಮದುವಿ ಆಗೇತೇನು ಅಂತ ಕೇಳಿದೆ. ಇಲ್ಲ, ಒಬ್ಬ ಒಲ್ಲೆ ಅಂದಿದ್ದಕ್ಕ ಎಲ್ಲಾ ಕೆಟ್ಟುಹೋತು ಅಂದ್ರು. ಆಮ್ಯಾಲ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹಳೆ ಗಮ್ಮು ಪೂರಾ ಕೆರಿಯದ ಹಂಗ ಗಾಜು ಕೂಡಿಸಿಬಿಟ್ಟೆ."

ಅವಳು ಗಾಜಿನ ಮೇಲೆ ನೀರು ಬಿಟ್ಟಳು.

"ಎಡದ ಮೂಲಿಗೆ ಹಾಕ್ರಿ," ಎಂದ ಅವನು ಒಳಗಿನಿಂದ. ಅವಳು ಹಾಕಿದಳು. "ಅದಲ್ಲರಿ, ಎಡಕ್ಕ."

"ಎಡಕ್ಕೇ ಹಾಕೀನಲ್ಲ, ಕಣ್ಣು ಕಾಣ್ತಾವಿಲ್ಲೋ?"

ಹೇಳಿದವಳೇ ಥಟ್ಟನೆ ನಿಂತಳು.

"ಅವ್ವ ಹೂ ಕೇಳುವಾಗ ಎಲ್ಲಿ ನಿಂತಿದ್ರು?"

"ದೇವರ ಎದುರಿಗೆ. ಅಪ್ಪ ಇರೋತನಕ ಅಪ್ಪನೇ ಕೇಳ್ತಿದ್ದ. ಅವ್ವ ಕೇಳಿದ್ದು ಅದೇ ಮೊದಲ ಸಲ."

"ಹೂ ಯಾವ ಕಡೆ ಬಿತ್ತು? ಅವ್ವ ನಿಂತಿದ್ದ ಹಂಗ ನಿಂತು ತೋರಸು."

ಅವನು ಎಡಗೈ ಎತ್ತಿ ಗಾಜಿನ ಅಂಚು ಮುಟ್ಟಿದ.

"ದೇವರ ಜಾಗಾದಾಗ, ನಿನ್ನ ಎದುರಿಗೆ ನಾ ನಿಂತೀನಿ. ಅದು ನನಗ ಯಾವ ಕೈ?"

ಬಸವಪ್ರಸಾದ ನೋಡಿದ. ಅವನ ಬೆರಳಿನ ನೇರಕ್ಕೆ, ಗಾಜಿನಾಚೆ, ಪೈಪು ಹಿಡಿದ ಅವಳ ಬಲಗೈಯಿತ್ತು.

ಅವನು ಅಂಚಿನಿಂದ ಕೈ ತೆಗೆದ. "ದೇವರ ಬಲಕ್ಕ... ಬಲಕ್ಕ ಬಿದ್ದಿತ್ತರಿ..."

ಎರಡು ವರ್ಷ... ನಮ್ಮವ್ವನ ತಗ್ಗಿದ ತಲೆ... ನನ್ನ ಹರೆಯ...

ಶಿವಗಂಗಾ ಹಲ್ಲು ಕಚ್ಚಿ ಪೈಪನ್ನು ಆ ಮೂಲೆಗೇ ಒತ್ತಿ ಹಿಡಿದಳು. ನೀರು ಸಂದಿನಿಂದ ನುಗ್ಗಿ ಅವನ ಎದೆಗೆ, ತೊಡೆಗೆ ಸುರಿಯಿತು. ಅವನು ಕದಲಲಿಲ್ಲ. ಅವಳ ಕಣ್ಣೀರು ನಿಲ್ಲುವವರೆಗೂ ತೋಯಿಸಿಕೊಂಡ.

"ನಿಮ್ಮವ್ವಾರ ತಪ್ಪು ಹೋಗಲಿ," ಎಂದಳು ಕೊನೆಗೆ. "ಎಡಕ್ಕೇ ಬಿದ್ದಿತ್ತು ಅಂತ ಇಟ್ಕೋ. ನನ್ನ ಒಂದು ಮಾತು ಕೇಳಿದ್ಯಾ? ನನ್ನ ಬಾಳೇವು, ನೀವಿಬ್ಬರೇ ತೀರ್ಮಾನ ಮಾಡಿದ್ರಿ."

"ತಪ್ಪು ನಂದೇ. ಏನು ಶಿಕ್ಷಾ ಕೊಡ್ತೀರಿ ಕೊಡ್ರಿ."

"ಮೊದಲು ಈ ಗಾಜು ತೆಗಿ."

ಗಾಜಿನ ಸುತ್ತಲ ಗಮ್ಮು ಕೊಯ್ಯಲು ಸಣ್ಣ ತಂತಿ ಬೇಕು. ಅದಕ್ಕೂ ಇಬ್ಬರು ಬೇಕು, ಒಳಗೊಬ್ಬರು ಹೊರಗೊಬ್ಬರು. ಅವಳು ಅಂಗಡಿಯಿಂದ ತಂದು ಮುಂದಿನ ಕಿಟಕಿಯಿಂದ ಕೊಟ್ಟ ತಂತಿಯ ತುದಿಯನ್ನು ಅವನು ಸಂದಿನಲ್ಲಿ ತೂರಿಸಿದ. ಅವಳು ಹಿಡಿದುಕೊಂಡಳು. ಅವಳು ಎಳೆದಾಗ ಅವನು ಬಿಟ್ಟ, ಅವನು ಎಳೆದಾಗ ಅವಳು ಬಿಟ್ಟಳು.

"ನಾರಾಯಣಪೇಟಿಗೆ ಬಂದು, ಸೀರಿ ಕೆಟ್ಟಿದ್ದು ನನ್ನ ಕೈಯಿಂದ ಅಂತ ಆ ಮನಿಯವರಿಗೆ ಹೇಳಬೇಕು," ಎಂದಳು ಎಳೆಯುತ್ತ.

"ಹೇಳ್ತೀನಿ."

"ಆಮ್ಯಾಲ ಮಕ್ತಲ್‌ಗೆ ಬರಬೇಕು. ಅವತ್ತು ಕುಂತಿದ್ದ ಮಂದಿನೆಲ್ಲಾ ಕರಸ್ತೀನಿ. ನಾ ಕುರ್ಚಿ ಮ್ಯಾಲ ಕುಂತಿರ್ತೀನಿ. ನೀನು ತಟ್ಟಿಯೊಳಗ ಚಹಾ ಹಿಡಕೊಂಡು ಬರಬೇಕು."

"ಬರ್ತೀನಿ."

"ತಲಿ ಎತ್ತಬಾರದು."

"ಎತ್ತಲ್ಲ."

"ಅಡಿಗಿ ಬರತೈತೇನು ಅಂತ ನಮ್ಮತ್ತಿ ಕೇಳ್ತಾಳ."

"ಜೋಳದ ರೊಟ್ಟಿ ಬಡಿತೀನ್ರಿ. ದುಂಡಗ ಬರಂಗಿಲ್ಲ."

ಅವಳು ನಗು ತಡೆಯಲು ತುಟಿ ಬಿಗಿದಳು. ತಂತಿ ಕೊನೆಯ ಅಂಚು ದಾಟಿತು. ಇಬ್ಬರೂ ಗಾಜನ್ನು ಎತ್ತಿ ಪಕ್ಕಕ್ಕೆ ಒರಗಿಸಿದರು. ಈಗ ಅವರಿಬ್ಬರ ನಡುವೆ ಗಾಳಿಯೊಂದೇ ಉಳಿದಿತ್ತು.

"ಎಲ್ಲಾ ನೋಡಿದ ಮ್ಯಾಲ ಏನಂತೀರಿ?" ಎಂದ ಬಸವಪ್ರಸಾದ. ಅವನ ಕೂದಲಿಂದ ಇನ್ನೂ ನೀರಿಳಿಯುತ್ತಿತ್ತು.

"ಹೇಳಿ ಕಳಸ್ತೀವಿ."

"ಬ್ಯಾಡರಿ... ಇನ್ನೊಬ್ಬರ ಬಾಯಿಂದ ಬ್ಯಾಡ."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ನೀರು ಒರೆಸಿದಳು.

"ಅವತ್ತು ನೀ ಹೋದ ಮ್ಯಾಲ, ಯಾವ ಗಾಡಿ ಸಪ್ಪಳ ಆದ್ರೂ ಬಾಗ್ಲಿಗೆ ಓಡಿ ಬರ್ತಿದ್ದೆ," ಎಂದಳು. "ಈಗ ಒಲ್ಲೆ ಅಂತ ಹೆಂಗ ಅನ್ನಲಿ?"

"ಅನ್ನಬ್ಯಾಡ್ರಿ."

"ಅನ್ನಂಗಿಲ್ಲ. ಆ ಮೂಲಿ ಸ್ವಚ್ಛ ಕೆರಿ ಮೊದಲು. ನಾ ಇಲ್ಲೇ ಕುಂತು ನೋಡ್ತೀನಿ."