ಡಬ್ಬಿಯೊಳಗಿನ ಅಕ್ಕಿ

ಇದನ್ನು ಬರೆಯಲು ನೀನು ಯಾರು ಎಂದು ನೀವು ಕೇಳುವ ಮೊದಲೇ ಕ್ಷಮೆ ಕೇಳುತ್ತೇನೆ. ಪತ್ತೆ ಹಚ್ಚಿದವರು ಸಬ್ ಇನ್‌ಸ್ಪೆಕ್ಟರ್ ವೃಷಾಲಿ. ನಾನು ಅವರ ಜೊತೆಗಿದ್ದ ಹವಾಲ್ದಾರ ಹಣಮಂತ. ಹೇಳುವುದರಲ್ಲಿ ತಪ್ಪಿದ್ದರೆ ಅದು ನನ್ನದು.

ಕೊಲ್ಹಾಪುರ. ರಾಜಕುಮಾರನ ಮನೆ. ಅವನ ತಂದೆ ಹಿಂದೊಮ್ಮೆ ತೆಗೆದ ಸಂಸಾರದ ಚಿತ್ರ ‘ಸೊಸೆ ಹೊರಟಳು’ ಈಗ ಡಿಸ್ಕ್ ಆಗಿ ಮನೆಮನೆಗೆ ಬರಲಿತ್ತು. ಕೊನೆಯಲ್ಲಿ ಅತ್ತೆ ತನ್ನ ವಿಧವೆ ಸೊಸೆಯ ಉಡಿ ತುಂಬಿ, ಅಂದರೆ ಮುತ್ತೈದೆಗೆ ಮಾಡುವಂತೆ ಸೆರಗಿಗೆ ಅಕ್ಕಿ-ಅರಿಶಿನ ಹಾಕಿ, ಎರಡನೆಯ ಮದುವೆಗೆ ಕಳಿಸುತ್ತಾಳೆ. ಆ ದೃಶ್ಯಕ್ಕೆ ಆಗ ಪರದೆಯ ಮೇಲೆ ಕಲ್ಲುಗಳು ಬಿದ್ದಿದ್ದವು. ಉಳಿದಿದ್ದು ಒಂದೇ ಪ್ರತಿ. ಸುರುಳಿಗಳು ತಟ್ಟೆಯಷ್ಟೇ ಅಗಲ.

ಆ ಬೆಳಿಗ್ಗೆ ರಾಜಕುಮಾರನಿಂದ ದೂರು ಬಂತು: ಕೊನೆಯ ಸುರುಳಿಯ ಡಬ್ಬಿ ತೆರೆದರೆ ಫಿಲ್ಮ್ ಇಲ್ಲ. ಅಕ್ಕಿ. ಅರಿಶಿನ ಕೊಂಬು. ಉತ್ತತ್ತಿ.

“ಇದು ಉಡಿ ಅಕ್ಕಿ,” ಎಂದರು ವೃಷಾಲಿ. “ನಿನ್ನೆ ಯಾರ ಉಡಿ ತುಂಬೀರಿ?”

“ನನ್ನ ತಂಗಿ ಮಯೂರೀದು,” ಎಂದ ರಾಜಕುಮಾರ. “ ಗಡಹಿಂಗ್ಲಜಕ್ಕ ಗಂಡನ ಮನಿಗೆ ಹೋಗ್ಯಾಳ. ಈ ಸಿನಿಮಾ ಹೊರಗ ಬರೂದು ಆಕೀಗೆ ಬ್ಯಾಡಾಗಿತ್ರಿ.”

“ಬ್ಯಾರೆ ಹೆಣಮಕ್ಕಳು?”

“ನಾಯಕಿ ಪಾರ್ಟ್ ಮಾಡಿದ ಹಾಲವ್ವ ಬಂದಿದ್ರು. ಆದ್ರ ಅವರು ವಿಧವಾ. ಅವರ ಉಡಿ ಯಾರು ತುಂಬತಾರ್ರಿ?”

ಅವನ ತಾಯಿ ಶಿವವ್ವ ಮೂಲೆಯಲ್ಲಿ ಕುಳಿತಿದ್ದರು. 

* * *

ಗಡಹಿಂಗ್ಲಜದಲ್ಲಿ ಮಯೂರಿ ನಮ್ಮನ್ನು ನೇರ ದೇವರ ಮುಂದೆ ಕರೆದೊಯ್ದಳು.

“ನನ್ನ ಉಡಿ ಇಲ್ಲೇ ಐತಿ, ಗಂಟು ಸುದ್ದಾ ಬಿಚ್ಚಿಲ್ಲ. ಫಿಲ್ಮ್ ಕದ್ದು ಏನ ಉಪ್ಪಿನಕಾಯಿ ಹಾಕ್ಲಿ? ಆ ವಿಧವಾ ಉಡಿ ತುಂಬೂ ಸೀನ ಕತ್ತರಿಸಿ ಸುಟ್ಟಬಿಡತೇನಿ ಅಂತ ಅಣ್ಣ ನಿನ್ನೆ ಊಟಕ್ಕ ಕುಂತಾಗ ಅಂದಾನ. ನನಗ ಅಷ್ಟ ಸಾಕಿತ್ರಿ.”

“ಆಗ ಹಾಲವ್ವ ಇದ್ರೇನು?”

“ಹೌದ್ರಿ. ಊಟಾ ಅರ್ಧಕ್ಕ ಬಿಟ್ರು.”

ಜೀಪಿನಲ್ಲಿ ವೃಷಾಲಿ ಹೇಳಿದರು: “ಕಳ್ಳ ಆಗಿದ್ರ ಅಕ್ಕಿ ಚೆಲ್ಲತಿದ್ದ. ಉಡಿ ಅಕ್ಕಿ ತುಳೀಬಾರದು ಅನ್ನಾಕಿ ಡಬ್ಬ್ಯಾಗ ಹಾಕ್ಯಾಳ. ಖಾಲಿ ಉಡ್ಯಾಗ ಸುರುಳಿ ಕಟಗೊಂಡು ಹೋಗ್ಯಾಳ. ತುಂಬಿದ ಉಡಿ ಬಿಚ್ಚಂತ ಯಾರೂ ಅನ್ನೂದಿಲ್ಲ. ಬಂದವರು ಇಬ್ಬರು. ಮಯೂರಿ ಉಡಿ ಹಂಗ ಐತಿ. ಉಳದಾಕಿ ಹಾಲವ್ವ.”

“ಆದ್ರ ಮ್ಯಾಡಮ್, ವಿಧವಾ ಹೆಣಮಗಳಿಗೆ...”

“ಆ ಸಿನಿಮಾ ಮತ್ತೇನ ಹೇಳತೈತಿ, ಹಣಮಂತ?”

ನಾನು ಜೀಪನ್ನು ಹಾಲವ್ವನ ಊರಿನ ಕಡೆ ತಿರುಗಿಸಿದೆ.

* * *

ಇಚಲಕರಂಜಿಯ ಪಕ್ಕ, ಕಬನೂರ. ಮಗ್ಗಗಳ ಸದ್ದಿಗೆ ಗೋಡೆ ನಡುಗುತ್ತಿತ್ತು. ಸುರುಳಿ ಹಾಲವ್ವನ ದೇವರ ಜಗಲಿಯ ಮೇಲಿತ್ತು, ಹೊಸ ಕುಪ್ಪಸದ ಖಣದಲ್ಲಿ ಸುತ್ತಿ.

“ಸಿನಿಮಾದಾಗ ನನ್ನ ಉಡಿ ತುಂಬಿದ್ರು,” ಎಂದರು ಹಾಲವ್ವ. “ಗಂಡ ಹೋದಮ್ಯಾಲೆ ಖರೇ ಬಾಳೇದಾಗ ಯಾರೂ ತುಂಬಲಿಲ್ಲ. ನಿನ್ನೆ ನಾ ಊಟಾ ಬಿಟ್ಟ ಎದ್ದಮ್ಯಾಲೆ ಶಿವವ್ವ ಬಾಗಲಾ ಹಾಕ್ಕೊಂಡು ತುಂಬಿದ್ಳು. ಆ ಸೀನ ಸುಡಾಕ ಹೆಂಗ ಬಿಡಲಿ?”

ಅವರನ್ನು ಸುರುಳಿಯ ಸಮೇತ ಕೊಲ್ಹಾಪುರಕ್ಕೆ ಕರೆತಂದೆವು. ವೃಷಾಲಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಗಲದ ಚೌಕಗಳು. ಒಂದರಲ್ಲಿ ಅತ್ತೆಯ ಬೊಗಸೆ. ಮುಂದಿನದರಲ್ಲಿ ಗಾಳಿಯಲ್ಲಿ ನಿಂತ ಅಕ್ಕಿ. ಅದರ ಮುಂದೆ ಸೊಸೆಯ ಉಡಿ. ಅಷ್ಟು ವರ್ಷ ಆ ಅಕ್ಕಿ ಬೀಳುತ್ತಲೇ ಇತ್ತೇನೋ ಅನಿಸಿತು. ನಾನು ಟೋಪಿ ತೆಗೆದೆ. ಯಾಕೆಂದು ಕೇಳಬೇಡಿ.

“ಕೇಸ್ ಹಾಕ್ರಿ,” ಎಂದ ರಾಜಕುಮಾರ. “ಆ ಸೀನ ಇಟ್ರ ಮತ್ತ ಕಲ್ಲ ಬೀಳತಾವ.”

ಶಿವವ್ವ ಎದ್ದು ನಿಂತರು. “ಈಕೀ ಉಡಿ ನಿನ್ನೆ ಈ ಕೈಲೇ ತುಂಬೀನಿ. ಮೊದಲ ನನ್ನ ಕತ್ತರಿಸು.”

ಅವನು ತಾಯಿಯನ್ನು ನೋಡಿದ. ಹಾಲವ್ವನನ್ನು ನೋಡಿದ. ದೂರು ವಾಪಸಾಯಿತು. ಡಿಸ್ಕ್ ಬಂತು, ದೃಶ್ಯ ಪೂರ್ತಿ ಇದೆ.

ಒಂದು ಮಾತ್ರ ಉಳಿದಿದೆ. ಶಿವವ್ವ ಉಡಿ ತುಂಬಿದ್ದು, ಸುಡುತ್ತೇನೆ ಎಂದು ಮಗ ಅಂದದ್ದು ಕಿವಿಗೆ ಬಿದ್ದ ಮೇಲೆ. ಬರೀ ಪ್ರೀತಿಗೋ, ಸುರುಳಿ ಹೊರಗೆ ಹೋಗಲು ದಾರಿ ಮಾಡಿದರೋ? ಕೇಳಿದೆ. “ಚಹಾ ಆರತೈತಿ, ಕುಡೀರಿ,” ಎಂದರು. ನನಗೆ ಇಂದಿಗೂ ಗೊತ್ತಿಲ್ಲ.