ಮೂರನೇ ತಿರುವಿನಲ್ಲಿ ನಾಗಶ್ರೀ ಕಂಡದ್ದು

"ಈಗ ಹೇಳ್ರಿ, ಈ ನಾಲ್ಕು ಜನದಾಗೆ ಯಾರು ಗೆಲ್ತಾರೆ?"

ಪಿ.ಟಿ. ಮೇಷ್ಟ್ರು ರೇವಣಸಿದ್ದಪ್ಪ ಕ್ಲಾಸಿನ ಟಿವಿಯಲ್ಲಿ ಓಡುತ್ತಿದ್ದ ವಿಡಿಯೋವನ್ನು ಟಪ್ಪನೆ ನಿಲ್ಲಿಸಿದರು. ಯಾವುದೋ ದೂರದೇಶದ ಸೈಕಲ್ ರೇಸು. ಕಡಿದಾದ ಏರು, ಏರಿನ ತುದಿಗೆ ಫಿನಿಶ್ ಲೈನು. ಇನ್ನು ಐನೂರು ಮೀಟರ್ ಬಾಕಿ ಇತ್ತು.

"ಕೆಂಪಂಗಿ ಸಾರ್! ಅವ್ನೇ ಮುಂದೆ ಅವ್ನೆ!" ಐದನೇ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ಕೂಗಿದರು.

"ಹಸಿರಂಗಿ ಸಾರ್. ಎಲ್ಲರಿಗಿಂತ ಹಿಂದೆ ಇರೋನು," ಎಂದಳು ನಾಗಶ್ರೀ.

ಮೇಷ್ಟ್ರು ವಿಡಿಯೋ ಬಿಟ್ಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪಂಗಿಯವನ ಸೈಕಲ್ ಆಚೆ ಈಚೆ ವಾಲತೊಡಗಿತು. ಹಸಿರಂಗಿಯವನು ಒಬ್ಬೊಬ್ಬರನ್ನೇ ದಾಟಿ ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದ. ನಾಗಶ್ರೀ ಹೇಳಿದ್ದು ಸರಿಯಾದದ್ದು ಅವತ್ತು ಅದು ಮೂರನೇ ಸಲ.

"ಏನೇ, ಇದನ್ನ ಮೊದ್ಲೇ ನೋಡಿದ್ಯಾ?" ಪಕ್ಕದಲ್ಲಿದ್ದ ಆಶಾರಾಣಿ ತಿವಿದಳು.

"ಇಲ್ಲ ಕಣೇ. ಕೆಂಪಂಗಿಯೋನು ಆಗ್ಲೇ ಬಾಯಿ ತೆಗ್ದಿದ್ದ. ಹಸಿರಂಗಿಯೋನು ಇನ್ನೂ ಮೂಗಲ್ಲೇ ಉಸಿರಾಡ್ತಿದ್ದ."

ಇದು ತಾತ ತಿಮ್ಮರಾಯಪ್ಪ ಕಲಿಸಿದ ವಿದ್ಯೆ. ಅವರ ಮನೆಯಲ್ಲಿ ಅರವತ್ತು ಕುರಿಗಳಿವೆ. ಭಾನುವಾರ ಕುರಿ ಹೊಡೆದುಕೊಂಡು ಗುಡ್ಡ ಹತ್ತುವಾಗ ತಾತ ಹೇಳುತ್ತಿದ್ದ: "ಮುಂದೆ ಹೋಗೋ ಕುರಿ ನೋಡ್ಬ್ಯಾಡ. ಬಾಯಿ ನೋಡು. ಯಾವುದು ಮೊದ್ಲು ಬಾಯಿ ತೆಗೀತೈತೋ ಅದು ಕೂರ್ತೈತೆ." ತಾತ ತೋರಿಸಿದ ಕುರಿ ಕೂರದೇ ಇದ್ದದ್ದನ್ನು ನಾಗಶ್ರೀ ಒಂದು ದಿನವೂ ನೋಡಿಲ್ಲ. ತಾತನ ಬಿಳಿ ಅಂಗಿಯ ಎದೆಯ ಮೇಲೆ ಮಾತ್ರ ಯಾವಾಗಲೂ ಗೊರಸಿನ ಕೆಮ್ಮಣ್ಣು. ಅದನ್ನು ಉಜ್ಜಿ ಉಜ್ಜಿ ಅವ್ವ ಗಿರಿಯಮ್ಮನಿಗೆ ಸಾಕಾಗಿಹೋಗಿತ್ತು.

ಮೇಷ್ಟ್ರು ಟಿವಿ ಆಫ್ ಮಾಡಿ ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು.

"ನಾಡಿದ್ದು ಭಾನುವಾರ ನಮ್ಮ ಜೋಗಿಮಟ್ಟಿ ಗುಡ್ಡದ ಸೈಕಲ್ ರೇಸು. ಯಾರು ಗೆಲ್ತಾರೆ ಬರೀರಿ. ಸರಿಯಾಗಿ ಬರೆದೋರಿಗೆ ಈ ಟೋಪಿ!"

ನಿಜವಾದ ಸೈಕಲ್ ಸವಾರರು ಹಾಕುವ ಹಳದಿ ಟೋಪಿ. ಅದನ್ನು ಕಂಡು ಕ್ಲಾಸಿಗೆ ಕ್ಲಾಸೇ "ಓ..." ಎಂದಿತು.

"ಇದರಾಗೆ ಯೋಚ್ನೆ ಮಾಡೋದು ಏನೈತೆ? ದುರುಗೇಶಣ್ಣನೇ!" ಎಂದಳು ಆಶಾರಾಣಿ.

ದುರುಗೇಶ್ ನಾಗಶ್ರೀಯ ಅಣ್ಣ. ಹತ್ತೊಂಬತ್ತು ವರ್ಷ. ಗೆದ್ದರೆ ಅವನಿಗೆ ಪುಣೆಯ ಒಂದು ಸೈಕಲ್ ಟೀಮಿನಲ್ಲಿ ಜಾಗ, ತಿಂಗಳು ತಿಂಗಳು ಸಂಬಳ. ಸೈಕಲ್ ತುಳಿಯುವುದೇ ಕೆಲಸ! ಎರಡು ವರ್ಷದಿಂದ ಅವನಿಗೆ ಬೇರೆ ಮಾತೇ ಇರಲಿಲ್ಲ.

ನಾಗಶ್ರೀ ಚೀಟಿಯನ್ನು ಕೈಯಲ್ಲಿ ಮುಚ್ಚಿಕೊಂಡಳು. ಜೋಗಿಮಟ್ಟಿ ರಸ್ತೆಯ ಮೂರನೇ ತಿರುವು ಅವಳ ಕಣ್ಣ ಮುಂದೆ ಬಂತು.

ಒಂದು ತಿಂಗಳ ಹಿಂದೆ ಕುರಿ ಕಾಯುವಾಗ ಅವಳು ಅಣ್ಣನನ್ನು ಅಲ್ಲಿ ನೋಡಿದ್ದಳು. ಸೈಕಲ್ ರಸ್ತೆಯಲ್ಲಿ ಬಿದ್ದಿತ್ತು. ಅವನು ಬಂಡೆಗೆ ಒರಗಿ ಕಣ್ಣು ಮುಚ್ಚಿದ್ದ. ತುಟಿ ನೀಲಿಯಾಗಿತ್ತು. ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ಆಮೇಲೆ ಎದ್ದವನೇ ಅವಳ ಕೈ ಹಿಡಿದುಕೊಂಡ.

"ಏನೂ ಆಗಿಲ್ಲ ಕಣೇ. ಅವ್ವಂಗೆ ಹೇಳ್ಬ್ಯಾಡ. ಹೇಳಿದ್ರೆ ನನ್ ಸೈಕಲ್ ಮುಗೀತು. ನನ್ ಮೇಲೆ ಆಣೆ ಮಾಡು."

ಅವಳು ಆಣೆ ಮಾಡಿದ್ದಳು. ಆಮೇಲೂ ಎರಡು ಸಲ ಹಾಗೇ ಆಯಿತು. ಅವಳು ಯಾರಿಗೂ ಹೇಳಲಿಲ್ಲ.

ಚೀಟಿಯಲ್ಲಿ ಅಣ್ಣನ ಹೆಸರು ಬರೆಯಬಹುದಿತ್ತು. ಆದರೆ ಟೋಪಿ ಬೇಕಿತ್ತು. ಟೋಪಿಗಿಂತ ಹೆಚ್ಚಾಗಿ, ನಾಗಶ್ರೀ ಹೇಳಿದರೆ ತಪ್ಪುವುದಿಲ್ಲ ಎಂದು ಎಲ್ಲರ ಬಾಯಲ್ಲಿ ಅನ್ನಿಸಿಕೊಳ್ಳುವುದು ಬೇಕಿತ್ತು. ಅಣ್ಣನಿಗೆ ಸರಿಸಾಟಿಯಾಗಿ ತುಳಿಯುತ್ತಿದ್ದವನು ಒಬ್ಬನೇ. ಅವಳು 'ಮಾರುತೇಶ್, ಭರಮಸಾಗರ' ಎಂದು ಬರೆದಳು.

ಚೀಟಿ ಮಡಚುವ ಮೊದಲೇ ಆಶಾರಾಣಿ ಇಣುಕಿಬಿಟ್ಟಿದ್ದಳು.

"ಥೂ! ಸ್ವಂತ ಅಣ್ಣನ್ನ ಬಿಟ್ಟು! ನೀನೆಂಥಾ ತಂಗಿನೇ?"

ಭಾನುವಾರ ಬೆಳಿಗ್ಗೆ ಗುಡ್ಡದ ಮೇಲೆ ಜನವೋ ಜನ. ಕೊನೆಯ ಏರಿನ ಪಕ್ಕದ ಹಗ್ಗ ಹಿಡಿದು ನಾಗಶ್ರೀ, ಅವ್ವ, ತಾತ ನಿಂತಿದ್ದರು. ಅವ್ವ ಮಗನಿಗೆಂದು ಟಿಫನ್ ಬಾಕ್ಸಿನಲ್ಲಿ ಕಜ್ಜಾಯ ತಂದಿದ್ದಳು.

"ಬಂದ್ರು! ಬಂದ್ರು!"

ತಿರುವಿನಲ್ಲಿ ಇಬ್ಬರೇ ಕಾಣಿಸಿದರು. ಮುಂದೆ ದುರುಗೇಶ್, ಹತ್ತು ಮಾರು ಹಿಂದೆ ಮಾರುತೇಶ್.

"ನನ್ ಮಗ! ಮುಂದೆ ಇರೋನು ನನ್ ಮಗ ಕಣ್ರೀ!" ಅವ್ವ ಅಕ್ಕಪಕ್ಕದವರ ರಟ್ಟೆ ಹಿಡಿದು ಹಿಡಿದು ಹೇಳಿದಳು.

ನಾಗಶ್ರೀ ಅಣ್ಣನ ಬಾಯಿ ನೋಡಿದಳು. ಅಗಲವಾಗಿ ತೆರೆದಿತ್ತು. ತುಟಿ ನೀಲಿಯಾಗಿತ್ತು.

"ಅಣ್ಣಾ, ಇಳಿ! ಇಳ್ಕೊಳಣ್ಣಾ!" ಎಂದು ಚೀರಿದಳು. ಎಲ್ಲರೂ "ದುರುಗೇಶ್, ದುರುಗೇಶ್" ಎಂದು ಕೂಗುತ್ತಿದ್ದರು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಗೆರೆಗೆ ಇನ್ನೂರು ಮೀಟರ್ ಇರುವಾಗ ದುರುಗೇಶ್ ಸೈಕಲ್ ಸಮೇತ ಪಕ್ಕಕ್ಕೆ ಉರುಳಿದ. ಕೈ ಊರಲಿಲ್ಲ, ಏಳಲಿಲ್ಲ. ಮಾರುತೇಶ್ ಅವನನ್ನು ದಾಟಿಕೊಂಡು ಹೋದ. "ಮೊದಲನೇ ಸ್ಥಾನ, ಭರಮಸಾಗರದ ಮಾರುತೇಶ್!" ಎಂದು ಮೈಕು ಕೂಗಿತು.

ನಾನು ಬರೆದದ್ದೇ ಆಯಿತು ಎಂದು ಒಂದು ಕ್ಷಣ ನಾಗಶ್ರೀಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅವ್ವನ ಕೈಯಿಂದ ಜಾರಿದ ಟಿಫನ್ ಬಾಕ್ಸು ಇಳಿಜಾರಿನಲ್ಲಿ ಸದ್ದು ಮಾಡುತ್ತಾ ಹೋಯಿತು.

ಆಸ್ಪತ್ರೆಗೆ ಬರುವಷ್ಟರಲ್ಲಿ ದುರುಗೇಶನಿಗೆ ಎಚ್ಚರವಾಗಿತ್ತು. ಕೈಗೆ ಗ್ಲೂಕೋಸ್ ಹಾಕಿದರು. ಡಾಕ್ಟರಮ್ಮ ಬಂದು ಎದೆಯನ್ನು ಪರೀಕ್ಷೆ ಮಾಡಿದರು.

"ಮುಂಚೆ ಯಾವಾಗಾದರೂ ಹೀಗೆ ಆಗಿತ್ತಾ?"

"ಇಲ್ಲ ಮೇಡಂ. ಇದೇ ಮೊದ್ಲು. ಬೆಳಿಗ್ಗೆ ಏನೂ ತಿಂದಿರ್ಲಿಲ್ಲ, ಅದಕ್ಕೆ," ಎಂದ ದುರುಗೇಶ್.

"ಮನೆಯವರು ನೋಡಿದ್ದೀರಾ?"

"ಇಲ್ರಿ. ನನ್ ಮಗಂಗೆ ಒಂದು ದಿನ ಜ್ವರಾನೂ ಬಂದಿಲ್ಲ," ಎಂದಳು ಅವ್ವ.

"ಹಾಗಾದರೆ ಸುಸ್ತು ಇರಬಹುದು. ಸಂಜೆವರೆಗೂ ನೋಡೋಣ. ಸರಿ ಇದ್ದರೆ ಮನೆಗೆ ಹೋಗಬಹುದು."

"ಮುಂದಿನ ವಾರ ಇನ್ನೊಂದು ಸೆಲೆಕ್ಷನ್ ಐತೆ ಮೇಡಂ. ತುಳೀಬೋದಲ್ಲ?" ದುರುಗೇಶ್ ಆಗಲೇ ಎದ್ದು ಕೂತಿದ್ದ.

ನಾಗಶ್ರೀ ಮಂಚದ ತುದಿಯಲ್ಲಿ ನಿಂತಿದ್ದಳು. ಅಣ್ಣ ಅವಳನ್ನೇ ನೋಡುತ್ತಿದ್ದ. ಬೇಡ ಎನ್ನುವಂತೆ ಮೆಲ್ಲಗೆ ತಲೆ ಅಲ್ಲಾಡಿಸಿದ.

"ಮೂರು ಸಲ ಆಗೈತೆ ಮೇಡಂ," ಎಂದಳು ನಾಗಶ್ರೀ. "ಮೂರನೇ ತಿರುವಿನಾಗೆ. ಎಬ್ಬಿಸಿದ್ರೂ ಏಳ್ತಿರ್ಲಿಲ್ಲ. ತುಟಿ ನೀಲಿ ಆಗಿತ್ತು. ನಾನು ನೋಡೀನಿ."

ಡಾಕ್ಟರಮ್ಮ ನರ್ಸನ್ನು ಕರೆದು ಬೇಗ ಬೇಗ ಏನೋ ಹೇಳಿದರು. ದುರುಗೇಶ್ ಗೋಡೆ ಕಡೆ ತಿರುಗಿ ಮಲಗಿದ.

"ನಿಂಗೆ ಗೊತ್ತಿತ್ತಾ?" ಎಂದಳು ಅವ್ವ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಅವನನ್ನು ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕರೆದುಕೊಂಡು ಹೋದರು. ಸ್ಟ್ರೆಚರ್ ಒಳಗೆ ಹಾಕುವಾಗ ದುರುಗೇಶ್ ಕಣ್ಣು ಮುಚ್ಚಿಕೊಂಡೇ ಕೇಳಿದ:

"ಚೀಟೀಲಿ ಯಾರ ಹೆಸರು ಬರೆದಿದ್ದೆ?"

ಆಶಾರಾಣಿ ಊರಿಗೆಲ್ಲ ಹೇಳಿಬಿಟ್ಟಿದ್ದಳು ಎಂದು ಕಾಣುತ್ತದೆ.

"ಮಾರುತೇಶಣ್ಣಂದು."

"ಸರಿಯಾಗೇ ಬರೆದಿದ್ದೀಯ ಬಿಡು."

ಅದೇ ಕೊನೆ. ಆಮೇಲೆ ಅವನು ಅವಳ ಜೊತೆ ಮಾತು ಬಿಟ್ಟ.

ದಾವಣಗೆರೆಯ ಡಾಕ್ಟರು, ಇವನ ಹೃದಯದ ಗೋಡೆ ದಪ್ಪವಾಗಿದೆ, ಇನ್ನೊಂದು ರೇಸು ತುಳಿದಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು. ಗುಳಿಗೆ ಕೊಟ್ಟರು. ಸೈಕಲ್ ಇನ್ನು ಬೇಡವೇ ಬೇಡ ಎಂದರು. ಸೈಕಲ್ಲನ್ನು ತಾತ ಕುರಿ ರೊಪ್ಪದ ಗೋಡೆಗೆ ನೇತುಹಾಕಿದ. ದುರುಗೇಶ್ ದಿನವೆಲ್ಲಾ ಜಗಲಿಯ ಮೇಲೆ ಅದರ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ನಾಗಶ್ರೀ ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. ಅದೇ ಲೋಟವನ್ನು ಅವ್ವ ಕೊಟ್ಟರೆ ಕುಡಿಯುತ್ತಿದ್ದ.

ಸ್ಕೂಲಿನಲ್ಲಿ ಮೇಷ್ಟ್ರು ಟೋಪಿಯ ಸುದ್ದಿಯನ್ನೇ ಎತ್ತಲಿಲ್ಲ. ಅದು ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ನಾಗಶ್ರೀ ಆ ಕಡೆ ನೋಡುತ್ತಿರಲಿಲ್ಲ.

ಇನ್ನೊಂದು ಭಾನುವಾರ ಬಂತು. ತಾತನ ಜೊತೆ ಅವಳು ಕುರಿ ಹೊಡೆದುಕೊಂಡು ಗುಡ್ಡ ಹತ್ತಿದಳು. ಬಿಸಿಲು ಜೋರಾಗಿತ್ತು.

"ತಾತ, ನಂಗೆ ಮೊದ್ಲೇ ಕಂಡಿತ್ತು," ಎಂದಳು. "ನೀನು ಹೇಳ್ಕೊಟ್ಟಂಗೇ ನೋಡಿದ್ದೆ."

ತಾತ ಅವಳ ಕಡೆ ತಿರುಗಿ ನಿಂತ. ಅವನ ಅಂಗಿಯ ಎದೆಯ ಮೇಲಿನ ಗೊರಸಿನ ಗುರುತನ್ನು ನಾಗಶ್ರೀ ನೋಡಿದಳು. ಎಷ್ಟೋ ವರ್ಷದಿಂದ ನೋಡುತ್ತಿದ್ದ ಗುರುತು. ಇವತ್ತು ಬಹಳ ಹೊತ್ತು ನೋಡಿದಳು.

ಅಷ್ಟರಲ್ಲಿ ಮಂದೆಯ ನಡುವೆ ಒಂದು ಕರಿ ಮರಿ ಬಾಯಿ ತೆರೆಯಿತು. ಇನ್ನೂ ನಡೆಯುತ್ತಲೇ ಇತ್ತು, ಉಳಿದವುಗಳ ಸಮಕ್ಕೇ ಇತ್ತು.

ತಾತ ಹೆಜ್ಜೆ ಎತ್ತುವ ಮೊದಲೇ ನಾಗಶ್ರೀ ಮಂದೆಯೊಳಗೆ ನುಗ್ಗಿದಳು. ತಾತ ಮಾಡುವ ಹಾಗೆಯೇ ಮರಿಯ ಹೊಟ್ಟೆಗೆ ಕೈ ಹಾಕಿ, ಎತ್ತಿ, ಹೆಗಲ ಮೇಲೆ ಹೊತ್ತು, ನಾಲ್ಕು ಕಾಲನ್ನೂ ಎದೆಯ ಮುಂದೆ ಹಿಡಿದುಕೊಂಡಳು. ಮರಿ ಅರಚಿತು. ಕೊಸರಾಡಿತು. ಕಾಲು ಬಿಡಿಸಿಕೊಂಡು ಅವಳ ಎದೆಗೇ ಜಾಡಿಸಿ ಒದೆಯಿತು.

ಕಣ್ಣಲ್ಲಿ ನೀರು ಬಂತು. "ಒದೀತೈತೆ ತಾತ!"

"ಒದೀತೈತೆ," ಎಂದ ತಾತ.

ಕೆಳಗೆ ಮೂರನೇ ತಿರುವು ಕಾಣುತ್ತಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ನಾಗಶ್ರೀ ಮರಿಯ ಕಾಲುಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ಏರು ಹತ್ತತೊಡಗಿದಳು.