ಕಿವಿಯ ಹಿಂದಿನ ಮೂಳೆ

"ಅಯ್ಯೋ... ಇಂಗ್ ಹಿಡೀಬೇಡಿ! ಕಣ್ಣಿನ ಗೂಡೊಳಗೆ ಬೆರಳಾ?"

ಬೆಚ್ಚಿಬಿದ್ದ ಪ್ರತಿಭಾಳ ಕೈಯಿಂದ ತಲೆಬುರುಡೆ ಜಾರಿತು. ನೆಲ ಮುಟ್ಟುವ ಮೊದಲೇ ಎರಡು ಅಂಗೈಗಳು ಅದನ್ನು ಹಿಡಿದವು.

"ಒಳಗಿನ ಗೋಡೆ ಕಾಗದದಷ್ಟು ತೆಳು ಮೇಡಂ. ಯಾರೋ ಪುಣ್ಯಾತ್ಮರು ನಾವು ಕಲೀಲಿ ಅಂತ ಬಿಟ್ಟೋಗಿದ್ದಾರೆ..."

ಯಲಹಂಕದ ದಂತ ವೈದ್ಯಕೀಯ ಕಾಲೇಜಿಗೆ ಅಂಗರಚನೆ ಕಲಿಸಲು ಗದಗದಿಂದ ಬಂದಿದ್ದ ಪ್ರತಿಭಾಗೆ ಅದು ಮೊದಲ ದಿನ. ಗದರಿದವನು ಶಿವರಾಮ್. ಅಮೃತಹಳ್ಳಿಯವನು, ಮೂಳೆಗಳ ಕೋಣೆ ನೋಡಿಕೊಳ್ಳುವ ಅಟೆಂಡರ್.

'ಏನ್ ಜೋರು ಇವಂದು!' ಎಂದುಕೊಂಡಳು. ಆದರೆ ಅವನ ಕಣ್ಣಲ್ಲಿ ಕೋಪವಿರಲಿಲ್ಲ.

ಅವಳಿಗೊಂದು ಅಳುಕಿತ್ತು. ಕಿವಿಯ ಸುತ್ತಲಿನ ಟೆಂಪೊರಲ್ ಮೂಳೆಯನ್ನು ಬಿಡಿಯಾಗಿ ಕೈಗಿಟ್ಟರೆ ಎಡದ್ದೋ ಬಲದ್ದೋ ತಿಳಿಯುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ವಿಭಾಗದ ಮುಖ್ಯಸ್ಥೆ ರಾಮಲಕ್ಷ್ಮಮ್ಮ ಪರೀಕ್ಷಿಸುತ್ತಾರೆ. ತಪ್ಪಿದರೆ ಕೆಲಸ ಹೋಯಿತು!

ಅವಳು ಆ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಶಿವರಾಮ್ ಗಮನಿಸಿದ. ನಗಲಿಲ್ಲ.

"ನಿಮ್ ಕಿವಿ ಹಿಂದೆ ಮುಟ್ಕೊಳ್ಳಿ. ಉಬ್ಬು ಸಿಕ್ತಾ?"

"ಸಿಕ್ತ್ರೀ..."

"ಮೂಳೆ ಹಿಡಿದಾಗ ಅದು ಕೆಳಗೆ, ಹಿಂದಕ್ಕೆ ಬರ್ಬೇಕು. ಕೆನ್ನೆ ಕಡೆ ಚಾಚಿರೋ ಈ ಕಡ್ಡಿ ಮುಂದಕ್ಕೆ. ಕಲ್ಲಿನಂಥ ಈ ದಿಂಡು ತಲೆ ಒಳಗಡೆಗೆ. ಈಗ ಹೇಳಿ."

"ಬಲದ್ದು!"

"ನೋಡಿದ್ರಾ?"

ಅಂದಿನಿಂದ ಊಟದ ಬಿಡುವೆಲ್ಲ ಮೂಳೆಗಳ ಕೋಣೆಯಲ್ಲೇ. ಕಣ್ಣು ಮುಚ್ಚಿ ಬೆರಳಲ್ಲೇ ಗುರುತಿಸುವಷ್ಟು ಕಲಿತಳು. ಮಧ್ಯಾಹ್ನ ಹತ್ತಿರವಾದರೆ ಕಣ್ಣು ಯಾಕೋ ಗಡಿಯಾರದತ್ತಲೇ ಹೋಗುತ್ತಿತ್ತು...

ಪರೀಕ್ಷೆಯ ಬೆಳಿಗ್ಗೆ ಶಿವರಾಮ್ ಮುಖ್ಯಸ್ಥೆಯ ಕೋಣೆಯಿಂದ ಹೊರಬರುವುದನ್ನು ಅವಳು ಕಂಡಳು. ಒಳಗೆ ಹೋದರೆ, ರಾಮಲಕ್ಷ್ಮಮ್ಮ ಮೊದಲು ಕೈಗಿತ್ತದ್ದೇ ಟೆಂಪೊರಲ್ ಮೂಳೆ!

'ನನ್ನ ಗುಟ್ಟು ಹೇಳಿಬಿಟ್ಟನಾ?'

ಒಂದೂ ತಪ್ಪದಂತೆ ಉತ್ತರಿಸಿದಳು. ಹೊರಗೆ ಬಂದವಳೇ ಅವನೆದುರು ನಿಂತಳು.

"ನನ್ನ ದೌರ್ಬಲ್ಯ ಮೇಡಂ ಕಿವಿಗೆ ಹಾಕಿದ್ರಿ! ನಿಮ್ಮನ್ನ ನಂಬಿದ್ದೆ ನಾನು..."

ಅವನ ಮುಖ ಸಣ್ಣದಾಯಿತು. ಮೂಳೆಗಳ ಕೋಣೆಯತ್ತ ತಿರುಗಿ ನಡೆದ.

ಸಂಜೆ ರಾಮಲಕ್ಷ್ಮಮ್ಮ ಕಾಯಂ ಕೆಲಸದ ಪತ್ರ ಕೊಡುತ್ತಾ ನಕ್ಕರು.

"ಶಿವರಾಮ್ ಬಂದು ಕೇಳ್ಕೊಂಡ ಕಣಮ್ಮಾ. 'ಮೊದ್ಲು ಟೆಂಪೊರಲ್ ಕೊಡಿ ಮೇಡಂ, ಅದು ಅವ್ರಿಗೆ ನೀರು ಕುಡಿದಷ್ಟು ಸುಲಭ. ಹೇಳ್ತಿದ್ದಂಗೆ ಭಯ ಹೋಗ್ಬಿಡುತ್ತೆ' ಅಂತ!"

ಪ್ರತಿಭಾಳ ಕಣ್ಣು ತುಂಬಿತು. ಬಸ್ ನಿಲ್ದಾಣಕ್ಕೆ ಓಡಿದಳು. ಅವನಿನ್ನೂ ಅಲ್ಲೇ ನಿಂತಿದ್ದ.

"ತಪ್ಪಾತ್ರೀ... ಕ್ಷಮಿಸ್ರಿ. ಇವತ್ತು ನನ್ನ ಕೈಯಾಗ ಈ ಪತ್ರ ಐತಿ ಅಂದ್ರ ಅದು ನಿಮ್ಮಿಂದ."

"ಬೇಡ ಮೇಡಂ. ಋಣ ಅಂತ ಮಾತಾಡಿದ್ರೆ ನಂಗೆ ಕಷ್ಟ ಆಗುತ್ತೆ."

"ಯಾಕ?"

"ನಂಗೆ ಬೇಕಾಗಿರೋದು ಅದಲ್ಲ... ಬಿಡಿ. ನೀವು ಮೇಡಂ, ನಾನು ಅಟೆಂಡರ್."

ಅಮೃತಹಳ್ಳಿ ಕಡೆಯ ಬಸ್ಸು ಬಂತು. ಅವನು ಹತ್ತಲಿಲ್ಲ.

"ನಿಮ್ಮ ಉಪಕಾರ ಇರೂತನಕ ನೆನೀತೀನಿ. ಅದನ್ನ ಬ್ಯಾಡ ಅನ್ನಬ್ಯಾಡ್ರಿ," ಎಂದಳು ಪ್ರತಿಭಾ. "ಆದ್ರ ನನಗ ಕಲಿಸಿದವರು ಭಾಳ ಮಂದಿ ಅದಾರ. ಮಧ್ಯಾಹ್ನ ಯಾವಾಗ ಆಗ್ತೈತೋ ಅಂತ ಕಾದಿದ್ದು ನಿಮಗೊಬ್ಬರಿಗೇ!"

ಶಿವರಾಮ್ ಅವಳನ್ನೇ ನೋಡಿದ.

"ನಾನೂ ಕಾಯ್ತಿದ್ದೆ ಮೇಡಂ... ದಿನಾ."

"ಇನ್ನೂ ಮೇಡಂ ಏನ್ರೀ?"

"ಪ್ರತಿಭಾ... ಅವ್ರೇ."

"'ಅವ್ರೇ' ಯಾಕ?"

"ನಿಧಾನಕ್ಕೆ ಕಲೀತೀನಿ ಕಣ್ರೀ!"